ಮೋಹನರಾಯರು ಉಳಿಸಿದ ಇಪ್ಪತ್ತೆಂಟು ಸಾವಿರ

ತಮ್ಮ ಬುದ್ಧಿಯ ಬೆಲೆ ಊರಿಗೆಲ್ಲ ಗೊತ್ತು, ಮನೆಯಲ್ಲಿ ಮಾತ್ರ ಗೊತ್ತಿಲ್ಲ ಎಂಬುದು ಮೋಹನರಾಯರ ಬಹುಕಾಲದ ಕೊರಗು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮಟ್ಟಾಂಚೇರಿಯ ಬ್ಯಾಂಕಿನಲ್ಲಿ ಅವರು ಸಾಲದ ವಿಭಾಗದ ಅಧಿಕಾರಿ. ಮೆಣಸಿನ ವ್ಯಾಪಾರಿ ಇಬ್ರಾಹಿಂ ಸಾಹೇಬರಂಥ ಘಟಾನುಘಟಿಗಳೇ ಅವರ ಮೇಜಿನ ಮುಂದೆ ವಿನಯದಿಂದ ಕೂತು, ಸಹಿ ಹಾಕುವ ಮೊದಲು ಕಾಗದ ಓದಬೇಕು ಎಂಬ ಉಪದೇಶ ಕೇಳಿ ಹೋಗುತ್ತಾರೆ. ಅದೇ ಉಪದೇಶವನ್ನು ಹೆಂಡತಿ ಕುಸುಮಾವತಿ ಕುಕ್ಕರಿನ ಮೂರನೆಯ ಸೀಟಿಯವರೆಗೆ ಮಾತ್ರ ಕೇಳುತ್ತಾಳೆ.

ಐದು ತಿಂಗಳ ಹಿಂದೆ ಒಂದು ಮಂಗಳವಾರ, ಕುಂಬಳೆಯ ತವರಿನ ಆಸ್ತಿಯಲ್ಲಿ ಅವಳ ಪಾಲೆಂದು ಹನ್ನೆರಡು ಲಕ್ಷ ರೂಪಾಯಿ ಇಬ್ಬರ ಜಂಟಿ ಖಾತೆಗೆ ಬಂದು ಬಿತ್ತು. ಎಡಪ್ಪಳ್ಳಿಯ ಫ್ಲಾಟಿನ ಮೇಲೆ ಉಳಿದಿದ್ದ ಸಾಲವೂ ಹೆಚ್ಚುಕಡಿಮೆ ಅಷ್ಟೇ. (ಬ್ಯಾಂಕಿನವರು ಹೊರಗೆ ಯಾಕೆ ಸಾಲ ಮಾಡಿದರು ಎಂದು ಕೇಳಬೇಡಿ. ಬ್ಯಾಂಕಿನ ರಿಯಾಯಿತಿ ಸಾಲ ಮಂಗಳೂರಿನ ಮನೆಗೇ ಮುಗಿದುಹೋಗಿತ್ತು. ಇದು ತಿರುವನಂತಪುರದ ಒಂದು ಗೃಹಸಾಲ ಕಂಪೆನಿಯದು.) ಸಾಲ ತೀರಿಸಲು ಮಂಗಳವಾರಕ್ಕಿಂತ ಒಳ್ಳೆಯ ದಿನವಿಲ್ಲ, ಆ ದಿನ ತೀರಿಸಿದ ಸಾಲ ಮತ್ತೆ ಹೊಸ್ತಿಲು ದಾಟಿ ಬರುವುದಿಲ್ಲ ಎಂದು ಕುಸುಮಾವತಿಯ ಅಜ್ಜಿ ಹೇಳುತ್ತಿದ್ದರಂತೆ.

"ಇವತ್ತೇ ಕಟ್ಟಿಬಿಡುವ ಮಾರಾಯ್ರೆ. ಮನೆಯ ಕಾಗದ ಒಮ್ಮೆ ನನ್ನ ಕೈಗೆ ಬರ್ಲಿ," ಎಂದಳು ಅವಳು. ಫ್ಲಾಟು ಇಬ್ಬರ ಹೆಸರಿನಲ್ಲಿತ್ತು. ತನ್ನ ಹೆಸರಿರುವ ಆ ಪತ್ರವನ್ನು ಅವಳು ರಿಜಿಸ್ಟ್ರಿಯ ದಿನ ಒಂದು ಗಳಿಗೆ ಕಂಡದ್ದು, ಆಮೇಲೆ ಅದು ಕಂಪೆನಿಯ ಪಾಲಾಗಿತ್ತು. ಅದನ್ನು ಇಡಲೆಂದೇ ಕಪಾಟಿನಲ್ಲಿ ಒಂದು ಅರೆ ಖಾಲಿ ಬಿಟ್ಟಿದ್ದಳು.

ರಾಯರು ನಕ್ಕರು. ಸಾಲಕ್ಕೆ ಮೊದಲ ಐದು ವರ್ಷ ಬದಲಾಗದ ಬಡ್ಡಿ, ಒಂಬತ್ತು ಪರ್ಸೆಂಟ್. ಆ ಅವಧಿ ಮುಗಿಯಲು ಇನ್ನೂ ಐದು ತಿಂಗಳಿತ್ತು. ಅದರೊಳಗೆ ಸಾಲ ಮುಚ್ಚಿದರೆ ಎರಡು ಪರ್ಸೆಂಟ್ ದಂಡ, ದಂಡದ ಮೇಲೆ ಜಿಎಸ್‌ಟಿ, ಒಟ್ಟು ಇಪ್ಪತ್ತೆಂಟು ಸಾವಿರದ ಮುನ್ನೂರ ಇಪ್ಪತ್ತು ರೂಪಾಯಿ. ಅವಧಿ ಮುಗಿದ ಮರುದಿನ ಮುಚ್ಚಿದರೆ ಸೊನ್ನೆ.

"ನಿನ್ನ ಮಂಗಳವಾರಕ್ಕೆ ಇಪ್ಪತ್ತೆಂಟು ಸಾವಿರ ದಕ್ಷಿಣೆ ಕೊಡ್ಲಾ ನಾನು?"

"ಮತ್ತೆ ಐದು ತಿಂಗಳ ಬಡ್ಡಿ ಎಂತ, ಪುಕ್ಕಟೆಯಾ?"

ಬಡ್ಡಿ ಬೇರೆ, ದಂಡ ಬೇರೆ ಎಂದು ರಾಯರು ತಾಳ್ಮೆಯಿಂದ ವಿವರಿಸಿದರು. ಬಡ್ಡಿ ಕಟ್ಟುವುದು ಸಂಸಾರಸ್ಥರ ಲಕ್ಷಣ, ದಂಡ ಕಟ್ಟುವುದು ದಡ್ಡರ ಲಕ್ಷಣ. ಅಷ್ಟರಲ್ಲಿ ಮೂರನೆಯ ಸೀಟಿ ಕೂಗಿತು.

ಅಂದಿನಿಂದ ರಾಯರ ಉತ್ಸಾಹ ಹೇಳತೀರದು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿದರು. ಕಂಪೆನಿಗೆ ಮೊದಲೇ ಪತ್ರ ಬರೆದು ದಿನ ಗೊತ್ತುಮಾಡಿದರು. ತಮ್ಮ ಉಪಾಯವನ್ನು ಬಂಧುಬಳಗಕ್ಕೆಲ್ಲ ಫೋನು ಮಾಡಿ ಸಾರಿದರು. ಅವಧಿ ಮುಗಿದದ್ದು, ನೋಡಿ ವಿಧಿಯ ಆಟ, ಒಂದು ಮಂಗಳವಾರ. ಆವತ್ತೇ ಹೋಗುವ ಎಂದು ಕುಸುಮಾವತಿ ಗೋಗರೆದಳು. ಒಂದು ದಿನದ ಅವಸರಕ್ಕೆ ಐದು ತಿಂಗಳ ತಪಸ್ಸು ಕೆಡಿಸಲು ರಾಯರೇನು ಹುಚ್ಚರೇ?

ಬುಧವಾರ ಬೆಳಿಗ್ಗೆ ಅವರು ಅಲಾರಮ್ಮಿಗಿಂತ ಮೊದಲೇ ಎದ್ದು ಕೂತಿದ್ದರು. ಇಸ್ತ್ರಿ ಮಾಡಿದ ಶರ್ಟು, ಕಿಸೆಗೆ ಎರಡು ಪೆನ್ನು. ಮಗನ ಮದುವೆಗೂ ಅವರು ಇಷ್ಟು ಸಡಗರ ಪಡುವುದು ಅನುಮಾನ. ತಿರುವನಂತಪುರದ ರೈಲಿನಲ್ಲಿ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ಬಂದಾಗ ಯಾವತ್ತೂ ಒಂದು ಕೊಳ್ಳುವವರು ನಾಲ್ಕು ಕೊಂಡರು. ಕೊಲ್ಲಂ ದಾಟುವಷ್ಟರಲ್ಲಿ ಪಕ್ಕದ ಸೀಟಿನ ಅಪರಿಚಿತರಿಗೂ ದಂಡ ತಪ್ಪಿಸುವ ವಿದ್ಯೆಯ ದೀಕ್ಷೆಯಾಗಿತ್ತು. ಕುಸುಮಾವತಿ ಕಾಗದಕ್ಕೆಂದು ತಂದ ಖಾಲಿ ಬಟ್ಟೆಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳಿಗೂ ಒಳಗೊಳಗೇ ಸಂಭ್ರಮವಾಗಿತ್ತು, ಸುಳ್ಳೇಕೆ ಹೇಳಲಿ.

ಕಂಪೆನಿಯ ಕೌಂಟರಿನಲ್ಲಿ ಕೃಪಾ ಎಂಬ ಚುರುಕು ಹುಡುಗಿ ಕೂತಿದ್ದಳು. ನಿನ್ನೆಗೆ ಐದು ವರ್ಷ ಮುಗಿದಿದೆ, ಆದ್ದರಿಂದ ದಂಡ ಸೊನ್ನೆ ಎಂದು ರಾಯರು ಕುರ್ಚಿಯಲ್ಲಿ ಕೂರುವ ಮೊದಲೇ ಘೋಷಿಸಿದರು. ಹುಡುಗಿ ಕಂಪ್ಯೂಟರ್ ನೋಡಿದಳು, ಬ್ಯಾಂಕಿನ ಪಾಸ್‌ಬುಕ್ ನೋಡಿದಳು. ದುಡ್ಡು ನಿಮ್ಮದೋ, ಅಥವಾ ಬೇರೆ ಬ್ಯಾಂಕಿನಿಂದ ಸಾಲ ತೆಗೆದು ಇದನ್ನು ತೀರಿಸುತ್ತಿದ್ದೀರೋ ಎಂದು ಮಲಯಾಳದಲ್ಲಿ ಕೇಳಿದಳು. ತಮ್ಮದೇ ಎಂದು ರಾಯರು ಎದೆಯುಬ್ಬಿಸಿದರು. ಹಾಗಾದರೆ ಯಾವಾಗ ಕಟ್ಟಿದ್ದರೂ ದಂಡ ಇರುತ್ತಿರಲಿಲ್ಲವಲ್ಲ ಸಾರ್, ಬೇರೆ ಬ್ಯಾಂಕಿನವರು ತೀರಿಸಿದರೆ ಮಾತ್ರ ದಂಡ, ದುಡ್ಡು ಬಂದ ದಿನವೇ ಬರಬಹುದಿತ್ತು ಎಂದು ಅವಳು ಮೆಲ್ಲಗೆ ಹೇಳಿ, ಸಾಲದ ಪತ್ರದ ಹಾಳೆಯನ್ನು ಮಗುಚಿ ತೋರಿಸಿದಳು. ಹಾಳೆಯ ಬೆನ್ನಿಗೆ ಸ್ಪಷ್ಟವಾಗಿ ಅಚ್ಚಾಗಿತ್ತು. ರಾಯರ ಫೈಲಿನಲ್ಲಿದ್ದ ಪ್ರತಿಗೆ ಬೆನ್ನೇ ಇರಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಕಡೆ ಯಾಕೆ, ಒಂದು ಕಡೆ ಸಾಕು ಎಂದು ಉಳಿತಾಯ ಮಾಡಿದವರು ಅವರೇ.

ಕುಸುಮಾವತಿ ಕೃಪಾಳ ಕ್ಯಾಲ್ಕುಲೇಟರ್ ಕೇಳಿ ಪಡೆದಳು. ಐದು ತಿಂಗಳು ಕಟ್ಟಿದ ಬಡ್ಡಿ ಸುಮಾರು ನಲವತ್ತಮೂರು ಸಾವಿರ. ದುಡ್ಡು ಖಾತೆಯಲ್ಲಿ ಕೂತು ಗಳಿಸಿದ್ದು ಹನ್ನೆರಡು ಸಾವಿರದ ಐನೂರು. ಕಳೆದಳು. ಕ್ಯಾಲ್ಕುಲೇಟರನ್ನು ಗಂಡನ ಕಡೆ ತಿರುಗಿಸಿಟ್ಟಳು. ಇಲ್ಲದ ಇಪ್ಪತ್ತೆಂಟು ಸಾವಿರ ಉಳಿಸಲು ಇದ್ದ ಮೂವತ್ತು ಸಾವಿರ ಹೋಗಿತ್ತು. ಅವಳು ಬೈದಿದ್ದರೆ ರಾಯರು ಬದುಕಿಕೊಳ್ಳುತ್ತಿದ್ದರು. ಬೈಯಲಿಲ್ಲ. ಮೂರು ಗಂಟೆಗೆ ಪತ್ರ ಕೈಗೆ ಬಂದಾಗ ತನ್ನ ಹೆಸರನ್ನು ಬೆರಳಿಟ್ಟು ಓದಿದಳು, ಕಣ್ಣು ತುಂಬಿಕೊಂಡಳು, ಚೀಲಕ್ಕೆ ಹಾಕಿಕೊಂಡಳು. ಗಂಡನಿಗೆ ಹೊರಲು ಕೊಡಲಿಲ್ಲ.

ಆ ರಾತ್ರಿ ತಂಗುವುದು ಊರಂಚಿನ ತುಂಬ ಎಂಬಲ್ಲಿ, ಅವಳ ತಂಗಿ ಕಮಲಳ ಮನೆಯಲ್ಲಿ. ಕಮಲಳ ಗಂಡ ರಾಮದಾಸ ಅಲ್ಲಿನ ಬಾಹ್ಯಾಕಾಶ ಕೇಂದ್ರದ ವಿಜ್ಞಾನಿ. ಮನೆ ಹೊಕ್ಕರೆ ಪಾಯಸದ ಪರಿಮಳ. ಎಂತ ವಿಶೇಷ ಎಂದು ರಾಯರು ಕ್ಷೀಣ ಸ್ವರದಲ್ಲಿ ಕೇಳಿದರು.

"ನಿಮಗೇ ಭಾವ," ಎಂದು ರಾಮದಾಸ ಕೈ ಹಿಡಿದುಕೊಂಡ. "ನೀವು ಫೋನಿನಲ್ಲಿ ಹೇಳಿದ ದಿನವೇ ನಾನು ಸಾಲ ಮುಚ್ಚುವುದು ನಿಲ್ಲಿಸಿದೆ. ದುಡ್ಡು ರೆಡಿ ಉಂಟು. ನಮ್ಮದು ಅದೇ ಕಂಪೆನಿ ಅಲ್ವಾ, ಇನ್ನು ಹದಿನಾಲ್ಕು ತಿಂಗಳು ಕಾದರೆ ಆಯ್ತು. ಆಫೀಸಿನಲ್ಲಿ ಏಳು ಜನಕ್ಕೂ ಹೇಳಿದ್ದೇನೆ, ಅವರೂ ಕಾಯ್ತಾ ಇದ್ದಾರೆ. ನಿಮ್ಮನ್ನು ನೋಡ್ಲಿಕ್ಕೆ ಈಗ ಬರ್ತಾರೆ."

ರಾಯರು ಹೆಂಡತಿಯ ಮುಖ ನೋಡಿದರು. ಕುಸುಮಾವತಿ ಚೀಲವನ್ನು ಎದೆಗವಚಿಕೊಂಡು ಹೇಳಿದಳು.

"ಬರ್ಲಿ, ಬರ್ಲಿ. ಇವರು ಎಲ್ಲ ವಿವರವಾಗಿ ಹೇಳ್ತಾರೆ. ಕಮಲಾ, ಭಾವನಿಗೆ ಒಂದು ಸೌಟು ಹೆಚ್ಚೇ ಪಾಯಸ ಹಾಕು."

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ರಾಯರು ಬಾಗಿಲ ಸಂದಿಯಿಂದ ಎಣಿಸಿದರು. ಏಳಲ್ಲ, ಹನ್ನೊಂದು ಜನ ಬಂದಿದ್ದರು.