ಜಯಪಾಲನ ತಕರಾರು

ಉತ್ತಮನ ಊಟದ ಡಬ್ಬಿಯನ್ನು ಅವನದೇ ವರ್ಗದ ಮಲಕಾರಿ ಶಾಲೆಯಲ್ಲಿ ದಿನಾಲೂ ಕಸಿದು ತಿನ್ನುತ್ತಿದ್ದ. ತಿಂದು ಸುಮ್ಮನಿರುತ್ತಿದ್ದನೇ? ಖಾಲಿ ಡಬ್ಬಿಯಿಂದ ಉತ್ತಮನ ತಲೆಗೇ ಟಣ್ ಎಂದು ಒಂದು ಬಾರಿಸಿ ವಾಪಸು ಕೊಡುತ್ತಿದ್ದ. ಶನಿವಾರ ಮನೆಗೆ ಬಂದ ಉತ್ತಮ, "ಇನ್ನ ಸಾಲಿಗೆ ಹೋಗಂಗಿಲ್ಲ," ಎಂದು ಅತ್ತುಬಿಟ್ಟ.

ಅವನ ಅಪ್ಪ ಜಯಪಾಲ ಚಿಕ್ಕೋಡಿಯ ಅಂಗಡಿಯೊಂದರಲ್ಲಿ ಹದಿನೈದು ವರ್ಷದಿಂದ ಬಟ್ಟೆ ಅಳೆದುಕೊಡುವವನು. ಗಿರಾಕಿಗೆ ಎದುರಾಡಬಾರದೆಂಬ ಪಾಠ ರಕ್ತಕ್ಕೇ ಇಳಿದಿತ್ತು. ಯಾರು ಏನೆಂದರೂ ಅವನ ಬಾಯಿಂದ ಮೊದಲು ಬರುವುದು "ಹೌದ್ರಿ".

ಭಾನುವಾರ ಬೆಳಗಿನ ಟಿ.ವಿ. ಧಾರಾವಾಹಿಯನ್ನೂ ಬಿಟ್ಟು ಪಕ್ಕದ ಮನೆಯ ಗಂಗೂಬಾಯಿ ಬಂದಳು. "ಮಾಸ್ತರಗ ಹೇಳಿದ್ರ ಏನೂ ಆಗೂದಿಲ್ಲ. ಆ ಹುಡುಗನ ಊರು ಕರೋಶಿಗಿ ಹೋಗಿ ಅವನ ಅಪ್ಪನ್ನ ಝಾಡಸ್ರಿ!"

"ಹೋದ ಕೂಡ್ಲೆ ಜಗಳಾ ತಗೀಬ್ಯಾಡ್ರಿ. ಮೊದಲ ಚಲೋ ಮಾತಾಡ್ರಿ, ಆಮ್ಯಾಲ ಬೈರಿ," ಎಂದಳು ಹೆಂಡತಿ ಕುಸುಮ.

ಜಯಪಾಲ ಇಬ್ಬರಿಗೂ ಹೌದೆಂದು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಬೈಗುಳಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ. ಪಕ್ಕದಲ್ಲಿ ಕೂತಿದ್ದವನು ಹೆದರಿ ಎದ್ದು ಹಿಂದಿನ ಸೀಟಿಗೆ ಹೋದ.

ಮಲಕಾರಿಯ ಅಪ್ಪ ಲಗಮಪ್ಪ ಬಾಗಿಲು ತುಂಬುವಂಥ ಆಳು. ಅವನನ್ನು ಕಂಡದ್ದೇ ಬಾಯಿಪಾಠ ಅರ್ಧ ಮರೆತುಹೋಯಿತು. ಉಳಿದರ್ಧ, ಅವನೇ ಕಾಸಿ ಕೊಟ್ಟ ಚಹಾದ ಜೊತೆ ಗಂಟಲಿಳಿಯಿತು. ಚಹಾ ಕುಡಿದ ಮನೆಯಲ್ಲಿ ಜಗಳ ತೆಗೆಯುವುದು ಹೇಗೆ?

"ನಿಮ್ಮ ಮಗಾ, ನಮ್ಮ ಮಗಾ ಒಂದ ವರ್ಗದಾಗ ಅದಾರ್ರಿ," ಎಂದು ಜಯಪಾಲ ಚಲೋ ಮಾತಿನಿಂದಲೇ ಶುರು ಮಾಡಿದ. "ನಮ್ಮವನ ಡಬ್ಬಿ ದಿನಾಲೂ ನಿಮ್ಮ ಮಲಕಾರಿನ ಉಣ್ತಾನ್ರಿ."

ಲಗಮಪ್ಪನ ಕಣ್ಣು ತುಂಬಿ ಬಂದವು. "ಏನ್ ಪುಣ್ಯಾತ್ಮರ್ರಿ ನೀವು! ತಾಯಿ ಇಲ್ಲದ ಹುಡುಗ. ನಾ ಬಡದ ರೊಟ್ಟಿ ನಾಯಿನೂ ಮೂಸಂಗಿಲ್ಲ. ಅಂಥಾವಗ ದಿನಾ ಉಣಸ್ತೀರಿ?"

"ಹೌದ್ರಿ... ಹಂಗಲ್ರಿ, ಉಂಡ ಮ್ಯಾಲ ತಲಿಗೆ..." ಎನ್ನುವಷ್ಟರಲ್ಲಿ ಜಯಪಾಲನ ತಲೆಯ ಮೇಲೆ ಹೊಸ ಬಿಳಿ ಟೋಪಿ ಕೂತಿತು. ಹೆಗಲಿಗೆ ಟವೆಲ್ ಬಿತ್ತು, ಕೈಗೆ ತೆಂಗಿನಕಾಯಿ ಬಂತು. ಟೋಪಿ, ಟವೆಲ್ ಕೊಟ್ಟು ಮರ್ಯಾದೆ ಮಾಡಿದವನನ್ನು ಬೈಯುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಜಯಪಾಲನಂತೂ ಅಲ್ಲವೇ ಅಲ್ಲ.

"ದಿನಾ ಬಸ್ಸಿನಾಗ ಹೋಗಿ ಬರೂದು ಹುಡುಗಗ ಭಾಳ ತ್ರಾಸ ಐತ್ರಿ," ಎಂದು ಲಗಮಪ್ಪ ಕೈಮುಗಿದ. "ನಿಮ್ಮನ್ಯಾಗ ಇದ್ರ ನಿಮ್ಮ ಮಗನ ಗುಣಾ ಒಂದೀಟರ ಬಂದೀತು. ಪರೀಕ್ಷಾ ಮುಗಿಯೂತನಾ ಇಟ್ಕೋತೀರಲ್ರಿ?"

ಹದಿನೈದು ವರ್ಷದ ರೂಢಿ ಎಲ್ಲಿ ಬಿಟ್ಟೀತು? "ಹೌದ್ರಿ," ಎಂದುಬಿಟ್ಟ.

ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಉಣ್ಣಬೇಕೆಂದು ಕುಸುಮ ತಾಟು ಇಡುತ್ತಿದ್ದಾಗ ಜಯಪಾಲ ಟೋಪಿ ಸಮೇತ ಒಳಬಂದ. ಹಿಂದೆಯೇ ಟ್ರಂಕು, ಹಾಸಿಗೆ ಸುರುಳಿ ಹೊತ್ತ ಮಲಕಾರಿ. "ಕಾಕೂ, ಊಟಕ್ಕ ಏನ್ ಮಾಡೀರಿ?" ಎಂದು ಉತ್ತಮನ ತಾಟಿನ ಮುಂದೆಯೇ ಕೂತ. ಕುಸುಮ ಹಣೆ ಚಚ್ಚಿಕೊಂಡಳು.

ಉತ್ತಮ ಒಮ್ಮೆ ಮಲಕಾರಿಯನ್ನು, ಒಮ್ಮೆ ಅಪ್ಪನನ್ನು ನೋಡಿ ಸರಸರನೆ ಚಪ್ಪಲಿ ಮೆಟ್ಟಿದ. "ಅಪ್ಪಾ, ನಾ ಸಾಲಿಗೆ ಹೋಗ್ತೀನಿ!"

"ಇವತ್ತ ರವಿವಾರಲೇ!"

"ಇರ್ಲಿ, ನಾಳಿ ಬಾಗ್ಲಾ ತಗಿಯೂತನಾ ಕಟ್ಟಿ ಮ್ಯಾಲ ಕುಂಡ್ರತೀನಿ."