ಒತ್ತು, ಹಿಡಿ, ಬಿಡು

ದಣಿದ ಮನುಷ್ಯ ಮಲಗಬೇಕು. ಇದು ಯಾರೂ ಹೇಳಿಕೊಡದೆ ಬರುವ ವಿದ್ಯೆ. ನಮ್ಮ ಹೌಸಿಂಗ್ ಸೊಸಾಯ್ಟಿಯ ಬೆಕ್ಕಿಗೂ ಬರುತ್ತದೆ. ನನಗೆ ಮಾತ್ರ ಬರಲಿಲ್ಲ. ವಾರದ ಆರು ದಿನ ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಠಾಣೆ ಊರಿಗೆ ಲೋಕಲ್ ರೈಲಿನಲ್ಲಿ ನಿಂತು ಹೋಗಿ, ನಿಂತೇ ಬಂದು, ಏಳನೆಯ ದಿನ ಹಾಸಿಗೆಯ ಮೇಲೆ ಬಿದ್ದುಕೊಂಡರೆ ನನಗೆ ನಿದ್ದೆಯ ಬದಲು ಒಂದು ವಿಚಾರ ಬರುತ್ತದೆ: ಈ ವಾರ ನನ್ನ ಕೈಯಿಂದ ಏನಾಯಿತು? ಭಿವಂಡಿಯ ಗೋದಾಮುಗಳಿಗೆ ಹೋಗಿಬರುವ ಮಾಲಿನ ಕಾಗದಪತ್ರ ನೋಡುವುದು ನನ್ನ ಕೆಲಸ. ಮಾಲನ್ನು ನಾನು ಕಂಡವನಲ್ಲ. ಇಷ್ಟು ವರ್ಷಗಳಲ್ಲಿ ಎಷ್ಟು ಫ್ಯಾನು, ಎಷ್ಟು ಬಿಸ್ಕತ್ತು, ಎಷ್ಟು ಚಾದರ ನನ್ನ ಸಹಿ ಹೊತ್ತುಕೊಂಡು ಎಲ್ಲೆಲ್ಲಿಗೆ ಹೋದವೋ, ಒಂದನ್ನೂ ಮುಟ್ಟಿಲ್ಲ. ಕೈಯಿಂದ ಏನಾದರೂ ಮಾಡಿ ನಾಲ್ಕು ಜನಕ್ಕೆ ತೋರಿಸಬೇಕೆಂಬ ಚಪಲ ಇಂಥ ಮನುಷ್ಯನಿಗೆ ಬರುವುದು ಸಹಜ. ಬಂದಾಗ ಎದ್ದು ಒಂದು ಲೋಟ ನೀರು ಕುಡಿದು ಮತ್ತೆ ಮಲಗಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನನ್ನ ದುರದೃಷ್ಟಕ್ಕೆ ಕೆಳಗೆ ಪಾರ್ಕಿಂಗಿನಲ್ಲಿ ಕಾರು ಇತ್ತು. ಕಾರು ಎಂದರೆ ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ಹೆಚ್ಚುಕಡಿಮೆ ನಮ್ಮ ಮಗಳ ವಯಸ್ಸಿನದು, ನಮ್ಮ ಕೈಗೆ ಬರುವ ಮೊದಲು ಇಬ್ಬರ ಮನೆಯಲ್ಲಿ ಬಾಳ್ವೆ ಮಾಡಿ ಬಂದದ್ದು. ಪರಸ್ಪರ ಮನಸ್ತಾಪವಿಲ್ಲದ ನಾಲ್ಕು ಜನ ಅದರಲ್ಲಿ ಕೂಡಬಹುದು. ಒಂದು ರವಿವಾರ ಬೆಳಿಗ್ಗೆ ಅದರ ಹಿಂದಿನ ಟೈರು ನೆಲಕ್ಕೆ ಕೂತಿತ್ತು. ಪಂಕ್ಚರ್ ಅಂಗಡಿಯವನು ಊರಿಗೆ ಹೋಗಿದ್ದ. ನಾನು ಫೋನಿನಲ್ಲಿ ಒಂದು ವಿಡಿಯೋ ನೋಡಿದೆ, ಅಂಗಡಿಯಿಂದ ಪಂಕ್ಚರ್ ಕಿಟ್ ತಂದೆ, ತುಕ್ಕು ಹಿಡಿದ ನಟ್ಟುಗಳನ್ನು ಪಾನಾದ, ಅಂದರೆ ಸ್ಪ್ಯಾನರಿನ, ಮೇಲೆ ಹತ್ತಿ ನಿಂತು ತಿರುಗಿಸಿದೆ, ಮೊಳೆ ಕಿತ್ತೆ, ಕಿಟ್ಟಿನೊಳಗಿನ ಅಂಟು ಬತ್ತಿಯನ್ನು ತೂತಿಗೆ ತುರುಕಿದೆ. ನೆಲಮಹಡಿಯ ಜೋಶಿ ಕಾಕಾ ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತು ಇಡೀ ಕಾರ್ಯಕ್ರಮ ನೋಡಿ, ಕೊನೆಗೆ "ವಾಹ್!" ಎಂದರು. ಅದೇ ಎಡವಟ್ಟಾಯಿತು. ಗಾಳಿ ಮೂರು ದಿನವಾದರೂ ಇಳಿಯಲಿಲ್ಲ. ಆಫೀಸಿನಿಂದ ಬಂದವನು ಮನೆಗೆ ಹೋಗುವ ಮೊದಲು ಟೈರಿಗೆ ಹೆಬ್ಬೆರಳು ಒತ್ತಿ ನೋಡಿ, ಆಮೇಲೆ ಲಿಫ್ಟು ಹತ್ತುತ್ತಿದ್ದೆ. ಆ ಟೈರು ಆಗಲೇ ಸಂಜೆಯೊಳಗೆ ಮತ್ತೆ ನೆಲಕ್ಕೆ ಕೂತಿದ್ದರೆ ನಾನು ಬ್ರೇಕಿಗೆ ಕೈಹಾಕುತ್ತಿರಲಿಲ್ಲ.

ಬ್ರೇಕು ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು, ಜೊತೆಗೆ ಕಿರುಚುತ್ತಿತ್ತು. "ಗ್ಯಾರೇಜಿಗೆ ಕೊಡ್ರಿ" ಎಂದಳು ನನ್ನ ಹೆಂಡತಿ ಗಿರಿಜಾ. ನಾವಿಬ್ಬರೂ ವಿಜಯಪುರದ ಕಡೆಯವರು. ಇಲ್ಲಿ ಬಂದು ಇಷ್ಟು ವರ್ಷವಾದರೂ ಅವಳ ಮಾತಿನಲ್ಲಿ ನಮ್ಮ ಊರು ಹಾಗೇ ಇದೆ. "ನಾನೇ ಮಾಡ್ತೀನಿ" ಎಂದೆ. ಅವಳು ಅಡುಗೆಮನೆಯ ಮಿಕ್ಸರ್ ಕಡೆ ನೋಡಿದಳು. ಆ ಮಿಕ್ಸರನ್ನು ಹಿಂದೊಮ್ಮೆ ನಾನು ರಿಪೇರಿ ಮಾಡಿದ್ದೆ. ಈಗಲೂ ಓಡುತ್ತದೆ, ಒಬ್ಬರು ಅದರ ತಲೆ ಒತ್ತಿಹಿಡಿದು ಇನ್ನೊಬ್ಬರು ಗುಂಡಿ ತಿರುಗಿಸಬೇಕು, ಅಷ್ಟೇ. ಅದೇ ಹೊತ್ತಿಗೆ ಅವಳ ತಂಗಿ ನವಿ ಮುಂಬಯಿಯ ಖಾರಘರದಲ್ಲಿ ಹೊಸ ಫ್ಲ್ಯಾಟ್ ತೆಗೆದುಕೊಂಡು, ತಿಂಗಳ ಕೊನೆಯ ರವಿವಾರ ಗೃಹಪ್ರವೇಶ ಇಟ್ಟುಕೊಂಡಿದ್ದಳು. ಬ್ರೇಕು ನನ್ನ ಕೈಯಾರೆ ಸರಿಮಾಡಿ, ಆ ದಿನ ಇದೇ ಕಾರಿನಲ್ಲಿ ಹೋಗೋಣ ಎಂದು ಘೋಷಿಸಿದೆ. ಗಿರಿಜಾ "ನೋಡೂಣ" ಎಂದಳು. ಕಾಲೇಜಿಗೆ ಹೋಗುವ ಮಗಳು ಶ್ರೇಯಾ ಮೊಬೈಲಿನಿಂದ ಕಣ್ಣು ತೆಗೆಯದೆ "ಪಪ್ಪಾ, ಮೀ ಟ್ರೇನ್‌ನೇ ಜಾತೇ" ಎಂದು ಮರಾಠಿಯಲ್ಲೇ, ತಾನು ರೈಲಿನಲ್ಲಿ ಹೋಗುವುದನ್ನು ಅಂದೇ ಇತ್ಯರ್ಥ ಮಾಡಿಬಿಟ್ಟಳು. ಮಗಳ ಮಾತಿಗೆ ನನಗೆ ಬೇಸರವಾಗಲಿಲ್ಲ. ಹೆಂಡತಿಯ "ನೋಡೂಣ" ಚುಚ್ಚಿತು. ನನಗೆ ಬೇಕಾಗಿದ್ದದ್ದು ಇಷ್ಟೇ: ನಾನು ಬಿಚ್ಚಿ ಜೋಡಿಸಿದ ಕಾರಿನಲ್ಲಿ ಅವಳು ಬಂದು, ಯಾವ ತಕರಾರೂ ಇಲ್ಲದೆ, ನನ್ನ ಪಕ್ಕ ಕೂಡಬೇಕು.

ಮೊದಲ ರವಿವಾರ ಬಿಚ್ಚುವುದಾಯಿತು. ಬಿಚ್ಚುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಮುಂದಿನ ಎರಡು ಚಕ್ರ ತೆಗೆದು, ಬ್ರೇಕಿನ ತಟ್ಟೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆಗಳನ್ನು, ಅವಕ್ಕೆ ಕ್ಯಾಲಿಪರ್ ಅನ್ನುತ್ತಾರೆ, ಎಡದ್ದೊಂದು ಬಲದ್ದೊಂದು ಕಳಚಿದೆ. ಹಳೆಯ ಪರಾತದಲ್ಲಿ ಸೀಮೆಎಣ್ಣೆ ಹಾಕಿ ಎರಡನ್ನೂ ತಿಕ್ಕಿ ತೊಳೆದು, ಪೇಪರಿನ ಮೇಲೆ ಒಣಗಲಿಟ್ಟೆ. "ಇಷ್ಟು ಸ್ವಚ್ಛ ಮನಿ ಪಾತ್ರೀನೂ ನೀವು ತೊಳದಿಲ್ರಿ" ಎಂದು ಗಿರಿಜಾ ಮೇಲಿನಿಂದ ನೋಡಿ ಹೇಳಿದಳು. ಆ ಪರಾತದಲ್ಲಿ ಅವಳು ಮತ್ತೆಂದೂ ಹಿಟ್ಟು ನಾದಲಿಲ್ಲ. ಪಾರ್ಕಿಂಗಿನಲ್ಲಿ ರಿಪೇರಿ ಮಾಡಕೂಡದು ಎಂದು ಸೊಸಾಯ್ಟಿಯ ಸೆಕ್ರೆಟರಿ ಮರುದಿನವೇ ಹಲಗೆಯ ಮೇಲೆ ನೋಟೀಸು ಹಚ್ಚಿದರು. ಹೆಸರು ಬರೆದಿರಲಿಲ್ಲ, ಆದರೆ ನೋಟೀಸಿನ ಅಂಚಿನಲ್ಲಿ ನನ್ನದೇ ಗ್ರೀಸಿನ ಬೆರಳಚ್ಚು ಇತ್ತು. ಓದುವಾಗ ಕೈ ಹಚ್ಚಿದ್ದೆ.

ನೋಟೀಸಿಗೆ ಜಗ್ಗದೆ ಎರಡನೆಯ ರವಿವಾರ ಎಲ್ಲ ಜೋಡಿಸಿಯೂ ಆಯಿತು. ಒಂದು ವಾಶರ್ ಉಳಿಯಿತು, ಅದನ್ನು ಜೇಬಿಗೆ ಹಾಕಿಕೊಂಡೆ. ಇನ್ನು ಕೊಳವೆಯೊಳಗೆ ಸೇರಿಕೊಂಡ ಗಾಳಿ ಹೊರಗೆ ತೆಗೆಯಬೇಕು. ಬ್ರೇಕೆಣ್ಣೆಯ ನಡುವೆ ಗಾಳಿ ಉಳಿದರೆ ನೀವು ಒತ್ತಿದ್ದೆಲ್ಲ ಆ ಗಾಳಿಗೇ ಹೋಗುತ್ತದೆ, ಚಕ್ರಕ್ಕೆ ಮುಟ್ಟುವುದಿಲ್ಲ. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲನ್ನು ನಾಲ್ಕಾರು ಸಲ ತುಳಿದು, ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿ ಕೂತು ಕ್ಯಾಲಿಪರಿನ ಸಣ್ಣ ನಿಪ್ಪಲ್ ಸಡಿಲಿಸಿ, ಗಾಳಿಯ ಗುಳ್ಳೆಗಳನ್ನು ಬಾಟಲಿಗೆ ಬಿಟ್ಟು, ಮತ್ತೆ ಬಿಗಿಯಬೇಕು. ಹೀಗೆ ಗಿರಿಜಾ ಮೊಟ್ಟಮೊದಲ ಬಾರಿಗೆ ಡ್ರೈವರ್ ಸೀಟಿನಲ್ಲಿ ಕೂತಳು. ಸುಮ್ಮನೆ ಕೂಡುವ ಜೀವವಲ್ಲ. ಮಡಿಲಲ್ಲಿ ಮೆಂತೆ ಸೊಪ್ಪಿನ ಕಟ್ಟು ಇಟ್ಟುಕೊಂಡು ಸೋಸುತ್ತಾ, ಬಲಗಾಲನ್ನು ಮಾತ್ರ ನನಗೆ ಒಪ್ಪಿಸಿದಳು.

"ಒತ್ತು!" ಎಂದು ನಾನು ನೆಲದಿಂದ ಕೂಗುವುದು. "ಒತ್ತೀನಿ" ಎಂದು ಅವಳು. "ಹಿಡಿ!" "ಹಿಡಿದೀನಿ." ಬಾಟಲಿಯಲ್ಲಿ ಬುಳುಬುಳು. "ಬಿಡು!" ಹತ್ತು ನಿಮಿಷದಲ್ಲಿ ಜೋಶಿ ಕಾಕಾರಿಗೂ ಈ ಮೂರು ಕನ್ನಡ ಶಬ್ದ ಬಾಯಿಪಾಠವಾಗಿ, ನನಗಿಂತ ಮೊದಲು ಅವರೇ ಬಾಲ್ಕನಿಯಿಂದ ಕೂಗತೊಡಗಿದರು. ಅವರು "ಬಿಡು" ಅಂದಾಗ ಗಿರಿಜಾ ಬಿಟ್ಟಳು, ನಾನಿನ್ನೂ ನಿಪ್ಪಲ್ ಬಿಗಿದಿರಲಿಲ್ಲ, ಹೋದಷ್ಟೂ ಗಾಳಿ ಮತ್ತೆ ಒಳಗೆ ಬಂತು. ಮೊದಲಿನಿಂದ ಶುರು. ಮಧ್ಯಾಹ್ನದ ಹೊತ್ತಿಗೆ ಬಾಟಲಿಯಲ್ಲಿ ಗುಳ್ಳೆ ಬರುವುದು ನಿಂತಿತು. ನಾನು ಬೆನ್ನು ಹಿಡಿದುಕೊಂಡು ಎದ್ದು, "ಆಯ್ತು, ಗಾಳಿ ಪೂರ್ತಿ ಹೋಯ್ತು" ಎಂದೆ.

"ಎಲ್ಲಿ ಹೋಗೇತ್ರಿ?" ಎಂದಳು ಅವಳು. "ಇನ್ನೂ ಮೆತ್ತಗ ಐತಿ. ಕಾಲು ಹಂಗ ಒಳಗ ಹೋಗತೈತಿ."

"ಗುಳ್ಳೆ ಬರೋದು ನಿಂತದ ನೋಡು."

"ಗುಳ್ಳಿ ನಂಗ ಗೊತ್ತಿಲ್ರಿ. ಕಾಲಿಗೆ ಏನ್ ಹತ್ತತೈತಿ ಅದನ್ನ ಹೇಳಿದೆ."

ನನಗೆ ಸಿಟ್ಟು ಬಂತು. ನಾಲ್ಕು ವಿಡಿಯೋ ನೋಡಿದವನು ನಾನು, ಬಾಟಲಿ ಕಣ್ಣಮುಂದೆ ಇದೆ, ಅದರಲ್ಲಿ ಗುಳ್ಳೆ ಇಲ್ಲ. ಒಂದು ಕಡೆ ಇಷ್ಟೆಲ್ಲ ಪುರಾವೆ, ಇನ್ನೊಂದು ಕಡೆ ಮೆಂತೆ ಸೋಸುವ ಹೆಂಗಸಿನ ಕಾಲು. ನಾನು ಇಪ್ಪತ್ತು ವರ್ಷದಿಂದ ಕಾಗದ ನೋಡಿ ಮಾಲನ್ನು ಪಾಸು ಮಾಡಿದವನು, ಬಾಟಲಿಯನ್ನೇ ನಂಬಿದೆ. ಹಳೆಯ ಕಾರಿನ ಬ್ರೇಕು ಮೆತ್ತಗೇ ಇರುತ್ತದೆ, ನಿನಗೆ ಅಭ್ಯಾಸವಿಲ್ಲ ಎಂದು ಅವಳಿಗೆ ಹೇಳಿದೆ. ಮೂರನೆಯ ರವಿವಾರ ಅವಳ ಸಮಾಧಾನಕ್ಕೆಂದು ಇಡೀ ಪೂಜೆ ಮತ್ತೊಮ್ಮೆ ಮಾಡಿದೆವು. ಈ ಸಲ ಅವಳ ಮಡಿಲಲ್ಲಿ ಅವರೆಕಾಯಿ. ಗುಳ್ಳೆ ಬರಲಿಲ್ಲ. ಅವಳು "ಮೆತ್ತಗ ಐತಿ" ಎಂದಳು. ಆಮೇಲೆ ನಾನೊಬ್ಬನೇ ಕಾಂಪೌಂಡಿನೊಳಗೆ ಮೂರು ಸುತ್ತು ಓಡಿಸಿ, ಎರಡೆರಡು ಸಲ ತುಳಿದರೆ ಕಾರು ನಿಲ್ಲುತ್ತದೆ ಎಂದು ಕಂಡುಕೊಂಡೆ. ಎರಡು ಸಲ ಯಾಕೆ ತುಳಿಯಬೇಕು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಅಷ್ಟು ಹೊತ್ತಿಗೆ ಸುಸ್ತಾಗಿತ್ತು, ಮತ್ತು ಸೋಮವಾರದ ಲೋಕಲ್ ಎದುರಿಗಿತ್ತು.

ಗೃಹಪ್ರವೇಶದ ದಿನ ಬೆಳಿಗ್ಗೆ ಶ್ರೇಯಾ ಹೇಳಿದಂತೆ ರೈಲಿಗೆ ಹೋದಳು. ಗಿರಿಜಾ ಇಳಕಲ್ ಸೀರೆ ಉಟ್ಟು, ತಂಗಿಗೆಂದು ಮಾಡಿದ ಹೋಳಿಗೆಯ ಡಬ್ಬಿ ಹಿಡಿದು ಕೆಳಗೆ ಬಂದಳು. ನಾನು ಎಡಗಡೆಯ ಬಾಗಿಲು ತೆರೆದು ನಿಂತಿದ್ದೆ. ಅವಳು ಸುತ್ತಿ ಬಂದು ಬಲಗಡೆಯಿಂದ ಡ್ರೈವರ್ ಸೀಟಿನಲ್ಲಿ ಕೂತು, ಸೀರೆಯ ನೆರಿಗೆ ಸ್ವಲ್ಪ ಎತ್ತಿ, ಪೆಡಲನ್ನು ಒಂದು ಸಲ ತುಳಿದಳು. ಎದ್ದು ಹೊರಗೆ ಬಂದಳು. "ನೀವು ಮುಂದ ಹೋಗ್ರಿ. ನಾ ಹಿಂದ ರಿಕ್ಷಾದಾಗ ಬರ್ತೀನಿ" ಎಂದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಅಷ್ಟೇ ಹೇಳಿ ಗೇಟಿನ ಹೊರಗೆ ನಡೆದಳು. ಹೋಳಿಗೆಯನ್ನೂ ನನ್ನ ಜೊತೆ ಬಿಡಲಿಲ್ಲ. ನಾನು ಒಳಗೆ ಕೂತು ಬಾಗಿಲನ್ನು ಜೋರಾಗಿ ಹಾಕಿಕೊಂಡೆ.

ಹೀಗೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ರೇಷ್ಮೆ ಅಂಗಿ ತೊಟ್ಟ ನಾನು ಖಾಲಿ ಕಾರಿನಲ್ಲಿ, ಹಿಂದೆ ನನ್ನ ಹೆಂಡತಿ ರಿಕ್ಷಾದಲ್ಲಿ. ನಾನು ನಿಧಾನ ಹೋದಷ್ಟೂ ಹಿಂದಿನ ರಿಕ್ಷಾದವನಿಗೆ ಸಿಟ್ಟು. ಅವನು ಮುಂದೆ ಹೋಗಲು ನೋಡಿದಾಗಲೆಲ್ಲ ಗಿರಿಜಾ ಅವನ ಬೆನ್ನು ತಟ್ಟಿ ತಡೆಯುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಕಲ್ಯಾಣ-ಶಿಳ್ ರಸ್ತೆಗೆ ಬಂದೆವು. ಕಾಟಾಯಿ ನಾಕಾದ ಚೌಕ ಇನ್ನೂ ಸ್ವಲ್ಪ ದೂರವಿದ್ದಾಗ ಮುಂದಿನ ನೀರಿನ ಟ್ಯಾಂಕರ್ ಗಕ್ಕನೆ ನಿಂತಿತು. ತುಳಿದೆ. ಪೆಡಲು ನೆಲ ಮುಟ್ಟಿತು. ಮತ್ತೆ ತುಳಿದೆ. ಮೂರನೆಯ ಸಲ ತುಳಿಯುವ ಹೊತ್ತಿಗೆ ಟ್ಯಾಂಕರಿನ ಹಿಂದಿನ ಟೈರಿನ ಗೆರೆಗಳನ್ನು ಎಣಿಸುವಷ್ಟು ಹತ್ತಿರ ಬಂದಿದ್ದೆ. ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಕೆಮ್ಮಿ, ಓರೆಯಾಗಿ, ನಿಂತಿತು. ನಡುವೆ ಒಂದು ಗೇಣು ಜಾಗ ಉಳಿದಿತ್ತು. ನನಗೆ ಮೊದಲು ಬಂದ ವಿಚಾರ ಜೀವ ಉಳಿಯಿತು ಎಂಬುದಲ್ಲ. ಪಕ್ಕದ ಸೀಟು ಖಾಲಿ ಇದೆ ಎಂಬುದು.

ರಿಕ್ಷಾದವನೂ ನಾನೂ ಸೇರಿ ಕಾರನ್ನು ರಸ್ತೆಯ ಬದಿಯ ಗ್ಯಾರೇಜಿಗೆ ತಳ್ಳಿದೆವು. ಗಿರಿಜಾ ಹೋಳಿಗೆ ಡಬ್ಬಿ ಹಿಡಿದು ಹಿಂದೆ ಬಂದಳು. "ನಾ ಹೇಳಿರ್ಲಿಲ್ಲೇನು" ಎಂದು ಅನ್ನಲೇ ಇಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಮಾತು ಅನ್ನಲು ಇಷ್ಟು ಒಳ್ಳೆಯ ಸಂದರ್ಭ ಅವಳಿಗೆ ಮತ್ತೆ ಸಿಗಲಾರದು. ಗ್ಯಾರೇಜಿನ ಮಿಸ್ತ್ರಿ ಕನ್ನಡಕ ಹಾಕಿದ ವಯಸ್ಸಾದ ಮನುಷ್ಯ. ನಾವು ಮಾತಾಡಿಕೊಳ್ಳುವುದು ಕೇಳಿ, "ನೀವು ನಮ್ಮ ಕಡೇದವ್ರೇನ್ರಿ? ನಂದು ಕಲಬುರಗಿ" ಎಂದ. ಚಕ್ರ ತೆಗೆದ. ಒಂದು ಕ್ಷಣ ನೋಡಿದ. ಕ್ಯಾಲಿಪರಿಗೆ ಕೈಯನ್ನೂ ಹಾಕದೆ ನಗತೊಡಗಿದ.

"ಯಾಂವ್ರೀ ಇದನ್ನ ಬಿಚ್ಚಿದಂವಾ? ಎಡಗಡಿದು ಬಲಕ್ಕ ಹಾಕ್ಯಾನ, ಬಲಗಡಿದು ಎಡಕ್ಕ ಹಾಕ್ಯಾನ. ನಿಪ್ಪಲ್ ಮ್ಯಾಲ ಇರಬೇಕು, ಇಲ್ಲಿ ಕೆಳಗ ಅದ. ಗಾಳಿ ಮ್ಯಾಲ ಕುಂತದ. ಕೆಳಗಿನ ತೂತಿನಿಂದ ವರ್ಷಗಟ್ಟಲೆ ಎಣ್ಣಿ ಬಿಟ್ರೂ ಗಾಳಿ ಹ್ಯಾಂಗ ಹೊರಗ ಬರ್ತದ್ರೀ?"

ಪೇಪರಿನ ಮೇಲೆ ಅಕ್ಕಪಕ್ಕ ಒಣಗುತ್ತಿದ್ದ, ಹೊಳೆಯುವ, ಅವಳಿಜವಳಿ ಕ್ಯಾಲಿಪರುಗಳು ಕಣ್ಣಮುಂದೆ ಬಂದವು. ನಾನು ಗಂಟಲು ಸರಿಮಾಡಿಕೊಂಡು, "ಡೊಂಬಿವಲಿಯೊಳಗ ಒಬ್ಬ ಮಿಸ್ತ್ರಿ ಇದ್ದಾನ, ಅವ ಮಾಡ್ಯಾನ" ಎಂದೆ. ಕಲಬುರಗಿಯವನು ಆ ಡೊಂಬಿವಲಿ ಮಿಸ್ತ್ರಿಯನ್ನು ಬೈಯಲು ಶುರುಮಾಡಿದ. ನಮ್ಮ ಭಾಷೆಯಲ್ಲೇ ಬೈದದ್ದರಿಂದ ಒಂದು ಶಬ್ದವೂ ವ್ಯರ್ಥವಾಗಲಿಲ್ಲ. ಅವನ ಕೈಗೆ ಪಾನಾ ಕೊಟ್ಟವರು ಯಾರು, ಅವನಿಗೆ ಕಣ್ಣಿದೆಯೋ ಇಲ್ಲವೋ, ಮನೆಯಲ್ಲಿ ಹೆಂಡತಿ ಮಕ್ಕಳಿಲ್ಲವೇ, ಜನರ ಜೀವದ ಜೊತೆ ಆಡುತ್ತಾನಲ್ಲ ಎಂದು. ನಾನೂ "ಹೌದ್ ನೋಡ್ರಿ, ಭಾಳ ನಾಲಾಯಕ್" ಎಂದು ದನಿಗೂಡಿಸಿದೆ. ಬೇರೆ ದಾರಿಯಿರಲಿಲ್ಲ. ಕೊನೆಗೆ ಅವನು ಗಿರಿಜಾಳ ಕಡೆ ತಿರುಗಿ, "ಅಕ್ಕಾ, ಇನ್ನೊಮ್ಮೆ ಅಂವನ ಹತ್ರ ಹೋಗಬ್ಯಾಡ್ರಿ" ಎಂದ.

ಗಿರಿಜಾ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ನನ್ನ ಮುಖ ನೋಡಲಿಲ್ಲ. "ಏನ್ ಮಾಡೂದ್ರಿ ಅಣ್ಣಾರ" ಎಂದಳು. "ಮನಷ್ಯಾ ಛಲೋನ ಇದ್ದಾನ. ಮಾತ್ ಕೇಳಂಗಿಲ್ಲ, ಅಷ್ಟ. ಮನಿ ಹತ್ರಾನ ಇರ್ತಾನ, ಬಿಡಾಕ ಬರಂಗಿಲ್ಲ."

ಮಿಸ್ತ್ರಿ ಎಡಬಲ ಬದಲಿಸಿ, ಗಾಳಿ ತೆಗೆಯುವಾಗ ಪೆಡಲು ತುಳಿಯಲು ನನ್ನನ್ನು ಕೂಡಿಸಿದ. ಅವನು "ಒತ್ರಿ" ಅಂದಾಗ ಒತ್ತಿದೆ, "ಬಿಡ್ರಿ" ಅಂದಾಗ ಬಿಟ್ಟೆ. ಪೆಡಲು ಗಟ್ಟಿಯಾಗುತ್ತ ಬರುವುದು ಕಾಲಿಗೆ ಎಷ್ಟು ಸ್ಪಷ್ಟವಾಗಿ ತಿಳಿಯುತ್ತದೆಂದರೆ, ಅದಕ್ಕೆ ಬಾಟಲಿ ನೋಡುವ ಅಗತ್ಯವೇ ಇಲ್ಲ. ಎಲ್ಲ ಮುಗಿದ ಮೇಲೆ ಗಿರಿಜಾ ನನ್ನನ್ನು ಇಳಿಸಿ, ತಾನು ಕೂತು ಒಮ್ಮೆ ತುಳಿದು ನೋಡಿದಳು. ಹೋಳಿಗೆ ಡಬ್ಬಿಯನ್ನು ಹಿಂದಿನ ಸೀಟಿನ ಮೇಲಿಟ್ಟು, ಸುತ್ತಿ ಬಂದು ಎಡಗಡೆ ಕೂತು, ಬೆಲ್ಟು ಹಾಕಿಕೊಂಡಳು.

ಶಿಳ್ ಫಾಟಾದ ಕೂಡುರಸ್ತೆ ದಾಟುವ ಮೊದಲೇ ಅವಳಿಗೆ ನಿದ್ದೆ ಬಂದಿತ್ತು. ಬೆಳಗಿನ ನಾಲ್ಕಕ್ಕೆ ಎದ್ದು ಹೋಳಿಗೆ ಮಾಡಿದವಳು. ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ತಳೋಜಾದ ಕಡೆ ಟ್ರಕ್ಕುಗಳು ನುಗ್ಗುತ್ತಿದ್ದವು. ಅವಳು ಎಚ್ಚರವಾಗದ ಹಾಗೆ ನಾನು ಬ್ರೇಕನ್ನು ಮೆಲ್ಲಗೆ, ಒಂದೇ ಸಲ ತುಳಿಯುತ್ತ ಹೋದೆ. ತಿಂಗಳಿಡೀ ಬಯಸಿದ್ದು ಇದನ್ನೇ: ಅವಳು ತಕರಾರಿಲ್ಲದೆ ಪಕ್ಕದಲ್ಲಿ ಕೂಡುವುದು. ನಿದ್ದೆಯನ್ನೂ ಮಾಡುತ್ತಿದ್ದಾಳೆ. ಅವಳು ನಂಬಿ ಮಲಗಿದ್ದು ನನ್ನನ್ನೋ ಆ ಕಲಬುರಗಿಯವನನ್ನೋ, ಎಬ್ಬಿಸಿ ಕೇಳಿಬಿಡಬೇಕೆಂದು ಖಾರಘರದವರೆಗೂ ಅನ್ನಿಸುತ್ತಿತ್ತು. ಕೇಳಲಿಲ್ಲ. ಕೇಳಿದರೆ ಹೇಳಿಬಿಡುವ ಹೆಂಗಸು ಅವಳು.