ಜರ್ಮನ್ ಕ್ಯಾಮೆರಾ ಮತ್ತು ನನ್ನ ಡಬ್ಬಿ

ಫೋಟೋ ತೆಗೆಯುವವನ ಮುಂದೆ ಎಲ್ಲರೂ ಮುಖ ಬಿಗಿದುಕೊಂಡೇ ನಿಲ್ಲುತ್ತಾರೆ. ಆದರೂ ಆ ಕಸುಬಿನಲ್ಲಿ ವಾರಕ್ಕೊಂದು ನಗುವ ಪ್ರಸಂಗ ತಪ್ಪುವುದಿಲ್ಲ. ನಿಜಾಮನ ಮೇಲಿನ ಪೊಲೀಸ್ ಆ್ಯಕ್ಷನ್ ಮುಗಿದು ಮೂರು ವರ್ಷದ ಮೇಲೆ ನಾನು ಲಿಂಗಸುಗೂರಿನಲ್ಲಿ ಫೋಟೋ ಅಂಗಡಿ ಇಟ್ಟೆ. ನಗೆ ಮಾತ್ರ ಅದಕ್ಕೂ ಮೊದಲು, ಕ್ಯಾಮೆರಾ ಕೊಳ್ಳುವಾಗಲೇ ಶುರುವಾಗಿತ್ತು.

೧. ಯಾರಿಗೆ ಅವಸರ?

ಹೆಂಡತಿಯನ್ನೂ ಕರೆದುಕೊಂಡು ಹೈದರಾಬಾದಿಗೆ ಹೋದೆ. ಅಂಗಡಿಯ ಸಾಹೇಬರು ನಮ್ಮ ಮುಂದೆ ಎರಡು ಕ್ಯಾಮೆರಾ ಇಟ್ಟರು. ಒಂದು ಜರ್ಮನ್ ಮಾಲು, ಬೆಳ್ಳಿಯಂತೆ ಮಿರುಗುತ್ತಿತ್ತು. ಇನ್ನೊಂದು ಕರೀ ಡಬ್ಬಿ ಕ್ಯಾಮೆರಾ, ಬೆಲೆಯಲ್ಲಿ ಅದರ ಮೊಮ್ಮಗ. ಜರ್ಮನ್ ಕ್ಯಾಮೆರಾ ಕೈಗೆ ಬಂದ ಮೇಲೆ ಕೆಳಗಿಡಲು ನನಗೆ ಮನಸ್ಸೇ ಬರಲಿಲ್ಲ. ಅದನ್ನು ಕೊಂಡರೆ ಅಂಗಡಿ ಹೂಡಲು ಏನೂ ಉಳಿಯುತ್ತಿರಲಿಲ್ಲ, ಆ ಮಾತು ಬೇರೆ.

ಸಾಹೇಬರು ನನ್ನ ಹೆಂಡತಿಯ ಕಡೆ ತಿರುಗಿ, "ಇದು ಸೆಕೆಂಡಿನ ಸಾವಿರದಾಗ ಒಂದು ಪಾಲಿಗೆ ಫೋಟೋ ತಗೀತದಮ್ಮಾ" ಎಂದರು.

ಅವಳು ಕೇಳಿದಳು: "ನಮ್ಮೂರಾಗ ಅಷ್ಟು ಅವಸರ ಯಾರಿಗೈತ್ರಿ?"

ಡಬ್ಬಿ ಕೊಂಡು ಬಂದೆವು.

೨. ಚರ್ಮದ ಚೀಲ

ಮಸ್ಕಿಯ ಸೌಕಾರರೊಬ್ಬರು ಫೋಟೋ ತೆಗೆಯಲು ಕರೆಸಿದರು. ರುಮಾಲು ಸುತ್ತಿ, ಕೋಟು ತೊಟ್ಟು ಕುಳಿತಿದ್ದವರು ನನ್ನ ಡಬ್ಬಿ ನೋಡಿ, "ಎಲಿ ಅಡಿಕಿ ಆಮ್ಯಾಲ ಹಾಕ್ಕೊಳ್ಳೋಣಂತ, ಮೊದ್ಲ ಕ್ಯಾಮೆರಾ ತಗೀರಿ" ಎಂದರು.

ಇದೇ ಕ್ಯಾಮೆರಾ ಎಂದೆ. ಹೇಗೋ ತೆಗೆಸಿಕೊಂಡರು. ಫೋಟೋ ಕಂಡ ಮೇಲೆ, "ಭಾಳ ಕರ್ರಗ ಬಂದೀನಿ. ಜರ್ಮನ್ ಕ್ಯಾಮೆರಾದವ್ರನ್ನ ಕರಸ್ತೀನಿ ಬಿಡ್ರಿ" ಎಂದರು.

ಆ ಸೌಕಾರರು ಕೈಬಿಟ್ಟರೆ ಮಸ್ಕಿ ಪೇಟೆಯೇ ಕೈಬಿಟ್ಟಂತೆ. ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದೆ. ಹೆಂಡತಿ ಮರುದಿನವೇ ಚಪ್ಪಲಿ ಹೊಲಿಯುವ ಮುದುಕನ ಹತ್ತಿರ ಡಬ್ಬಿಗೊಂದು ಚರ್ಮದ ಚೀಲ ಮಾಡಿಸಿದಳು. ಹಿತ್ತಾಳೆ ಗುಂಡಿ, ಕಣ್ಣಿನ ಜಾಗದಲ್ಲಿ ತೂತು. ಅದನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಮಸ್ಕಿಗೆ ಹೋದೆ. ಜರ್ಮನ್ ಎಂದು ನಾನು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಸೌಕಾರರು ಚೀಲ ಸವರಿ ನೋಡಿ, ನೆಟ್ಟಗೆ ಕುಳಿತರು.

ಈ ಸಲದ ಫೋಟೋ ನೋಡಿ, "ಈಗ ಬಂತು ನೋಡ್ರಿ ನನ್ನ ಖರೇ ಬಣ್ಣ" ಎಂದರು.

ಚೀಲ ಹಾಕಿದ್ದು ಡಬ್ಬಿಗೆ, ಬೆಳ್ಳಗಾದದ್ದು ಸೌಕಾರರು.

೩. ತಲೆ ತಗ್ಗಿಸಿದವನು

ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನಿಂದ ಬಗ್ಗಿ ನೋಡಬೇಕು. ಗೊರೇಬಾಳದ ಒಬ್ಬ ಅಜ್ಜಿಗೆ ಇದು ಸರಿಬರಲಿಲ್ಲ.

"ಯಾಕಪಾ ತಲಿ ತಗ್ಗಿಸಿ ನಿಂತೀದಿ? ಏನ್ ತಪ್ಪು ಮಾಡೀದಿ? ನನ್ನ ಮಾರಿ ನೋಡಿ ತಗಿ" ಎಂದಳು.

ಹಿರಿಯಳ ಮಾತು ಮೀರಲಾರದೆ ಅವಳ ಮುಖವನ್ನೇ ನೋಡುತ್ತಾ ಒತ್ತಿದೆ. ಫೋಟೋದಲ್ಲಿ ಬಂದದ್ದು ಹಿಂದಿನ ಬೇವಿನ ಮರ, ಅಜ್ಜಿಯ ಒಂದು ಕಿವಿ. ಬೈಗುಳಕ್ಕೆ ತಯಾರಾಗಿಯೇ ಒಯ್ದು ಕೊಟ್ಟೆ.

ಅಜ್ಜಿ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದಳು: "ಕಿವ್ಯಾಗಿನ ವಾಲಿ ಚಂದ ಬಂದೈತಿ. ಮಾರಿ ಊರವ್ರೆಲ್ಲ ನೋಡ್ಯಾರ ಬಿಡು."

೪. ಸಾಹೇಬರ ಗ್ರೂಪ್ ಫೋಟೋ

ಆಗ ದಢೇಸುಗೂರಿನ ಕಡೆ ಕಾಲುವೆ ಕೆಲಸ ನಡೆದಿತ್ತು. ಕೆಲಸದ ಮೇಲಿನ ಸಾಹೇಬರೊಬ್ಬರು ಸಿಂಧನೂರಿನಲ್ಲಿದ್ದರು. ಅವರ ಹತ್ತಿರ ನಾನು ಬಿಟ್ಟುಬಂದಂಥದ್ದೇ ಜರ್ಮನ್ ಕ್ಯಾಮೆರಾ ಇತ್ತು. ಗ್ರೂಪ್ ಫೋಟೋ ತಾವೇ ತೆಗೆಯುವುದಾಗಿ, ನಾನು ಫಿಲ್ಮ್ ತೊಳೆದುಕೊಟ್ಟರೆ ಸಾಕೆಂದು ಹೇಳಿ ಕರೆಸಿದರು.

ನೌಕರರೆಲ್ಲ ಬಿಸಿಲಿನಲ್ಲಿ ಸಾಲಾಗಿ ನಿಂತರು. ಸಾಹೇಬರು ಬೆಳಕು ಅಳೆದರು, ದೂರ ಅಳೆದರು, ಒಂದು ತಿರುಪು ತಿರುವಿ ಮತ್ತೆ ಬೆಳಕು ಅಳೆದರು. ಅರ್ಧ ತಾಸಾಯಿತು. ಸುಮ್ಮನೆ ನಿಂತು ಬೇಸತ್ತು, ನಾನು ಪಕ್ಕಕ್ಕೆ ಸರಿದು ನನ್ನ ಡಬ್ಬಿಯಲ್ಲಿ ಒಂದು ತೆಗೆದುಬಿಟ್ಟೆ. ಆಮೇಲೆ ಸಾಹೇಬರೂ ಮೂರು ತೆಗೆದರು.

ಮನೆಗೆ ಬಂದು ಅವರ ಫಿಲ್ಮ್ ತೊಳೆದರೆ ಒಂದರಲ್ಲೂ ಏನೂ ಇಲ್ಲ. ಸಾಹೇಬರು ಕ್ಯಾಮೆರಾದ ಕಣ್ಣಿನ ಮುಚ್ಚಳವನ್ನೇ ತೆಗೆದಿರಲಿಲ್ಲ; ಆ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಕಣ್ಣು ಮುಚ್ಚಿದ್ದು ಅದರಲ್ಲಿ ಕಾಣುವುದಿಲ್ಲ. ಇದನ್ನು ಅವರಿಗೆ ಹೇಳುವುದು ಹೇಗೆ? ಹೇಳಿದರೆ ಆ ಆಫೀಸಿನ ಕೆಲಸ ಮತ್ತೆ ನನಗೆ ಸಿಗುವುದಿಲ್ಲ. ಕೊನೆಗೆ ನನ್ನ ಡಬ್ಬಿಯ ಫೋಟೋವನ್ನೇ ದೊಡ್ಡದು ಮಾಡಿ ಒಯ್ದು, ಬಾಯಿಮುಚ್ಚಿಕೊಂಡು ಮೇಜಿನ ಮೇಲಿಟ್ಟೆ.

ಇಟ್ಟ ಮೇಲೆ ನನ್ನ ತಪ್ಪು ನನಗೆ ಹೊಳೆಯಿತು. ಫೋಟೋದಲ್ಲಿ ನೌಕರರೆಲ್ಲ ಇದ್ದರು. ಬಲಗಡೆ, ಕ್ಯಾಮೆರಾ ಹಿಡಿದು ತಿರುಪು ತಿರುವುತ್ತಾ ನಿಂತ ಸಾಹೇಬರೂ ಇದ್ದರು.

ಸಾಹೇಬರು ಕನ್ನಡಕ ಏರಿಸಿ ನೋಡಿದರು. ತಮ್ಮನ್ನು ತಾವು ಗುರುತಿಸಿಕೊಂಡರು. ಮುಖದ ತುಂಬ ಸಂತೋಷ.

"ಜರ್ಮನ್ ಕ್ಯಾಮೆರಾ ಅಂದ್ರ ಇದು ನೋಡ್ರಿ," ಎಂದರು. "ಫೋಟೋ ತಗಿಯೋವನ್ನೂ ಬಿಡಂಗಿಲ್ಲ."